ಬಿಪಿಟಿ 5204ಕ್ಕೆ ಹಸಿರು ತೋರಿಸಿದ ಪಾಸ್‌ವರ್ಡ್ ಮೀಟರ್: ಒಂದು ದುರಸ್ತಿಯ ದಿನಚರಿ

ಮೊದಲ ದಿನ

ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟವನು ನಾನು. ಭತ್ತದ ಖರೀದಿ, ವೇಬ್ರಿಜ್ ತೂಕ, ತೇವಾಂಶದ ಕಡಿತ, ಹಮಾಲಿ, ದಲಾಲಿ ಅಂಗಡಿಗಳ ಬಾಕಿ ಎಲ್ಲವೂ ಅದರಲ್ಲೇ ನಡೆಯುತ್ತವೆ. ಈ ಸುಗ್ಗಿಯಲ್ಲಿ ಒಂದು ರಾತ್ರಿ ಹನ್ನೊಂದರ ನಂತರ ಮೂರು ಲಾರಿಗಳ ತೇವಾಂಶದ ಅಂಕಿ ಬದಲಾಗಿತ್ತು. ನಮ್ಮ ಕಡೆ ಭತ್ತದ ದರ ನಡೆಯುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ. ತೇವಾಂಶ ಒಂದಂಶ ಏರಿಸಿ ಬರೆದರೂ ಆ ಹಣ ರೈತನ ಕೈಯಿಂದ ಜಾರುತ್ತದೆ. ಹಾಗಾಗಿ ಇದು ಸಣ್ಣ ತಪ್ಪಲ್ಲ.

ಬದಲಾವಣೆ ನಡೆದದ್ದು ವೇಬ್ರಿಜ್ ಗುಮಾಸ್ತರ ಖಾತೆಯಿಂದ. ಅವರು ಆ ರಾತ್ರಿ ಕಾರಟಗಿಯಲ್ಲಿ ಅಕ್ಕನ ಮಗಳ ಮದುವೆಯ ಚಪ್ಪರದಡಿ ಇದ್ದರು. ದಾಖಲೆ ತೆಗೆದು ನೋಡಿದೆ. ಕಚೇರಿಯದೇ ಕಂಪ್ಯೂಟರ್, ಎರಡು ತಪ್ಪು ಪ್ರಯತ್ನ, ಮೂರನೆಯದಕ್ಕೆ ಬಾಗಿಲು ತೆರೆದಿದೆ. ಗೊತ್ತಿದ್ದವರು ಯಾರೋ ಊಹಿಸಿ ಒಳಗೆ ಬಂದಿದ್ದಾರೆ.

ಗುಮಾಸ್ತರು ಮರುದಿನ ಬಂದಾಗ ಮುಖ ಬಾಡಿತ್ತು. "ಸರ್, ಆ ಗೆರೆ ಹಸಿರಾದ ಮೇಲೆಯೇ ನಾನು ಸೇವ್ ಒತ್ತಿದ್ದು. ಕೆಂಪಿದ್ದಾಗ ನಿಮ್ಮ ತಂತ್ರಾಂಶವೇ ಬಿಡುತ್ತಿರಲಿಲ್ಲ" ಎಂದರು. ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ಬಣ್ಣದ ಗೆರೆಯಲ್ಲಿ ತೋರಿಸುವ ನನ್ನ ಮೀಟರಿನ ಮಾತು ಅದು. ಪಾಸ್‌ವರ್ಡ್ ಬದಲಾಯಿಸಿಕೊಂಡ ಮೇಲೆ ಹಳೆಯದು ಏನಿತ್ತೆಂದು ಅವರೇ ಹೇಳಿದರು, ಬರೆಯಲು ಒಪ್ಪಿಗೆಯನ್ನೂ ಕೊಟ್ಟರು. ಅದು ಬಿಪಿಟಿ@5204. ಇಂಗ್ಲಿಷ್ ಅಕ್ಷರಗಳಲ್ಲಿ, ಮೊದಲ ಬಿ ದೊಡ್ಡದು, ಉಳಿದೆರಡು ಸಣ್ಣವು.

ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಂಧ್ರದ ಬಾಪಟ್ಲಾ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಬಿಡುಗಡೆಯಾದ ಸಾಂಬಾ ಮಸೂರಿ ತಳಿಯ ಸಂಖ್ಯೆ ಅದು. ಗಿರಣಿಯ ಅಂಗಳದಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು. ದಿನವಿಡೀ ಅದನ್ನೇ ತೂಗುವ ಮನುಷ್ಯನ ಪಾಸ್‌ವರ್ಡ್ ಊಹಿಸುವವನು ಅದನ್ನೇ ಮೊದಲು ಒತ್ತಿ ನೋಡುತ್ತಾನೆ.

ಸಾಹುಕಾರರು ನನ್ನನ್ನು ಒಳಗೆ ಕರೆದು, "ತಮ್ಮಾ, ಬಾಗಿಲು ಕಟ್ಟಿದವನು ನೀನು. ಚಿಲಕ ಎಲ್ಲಿ ಸಡಿಲಾಗಿದೆ ನೋಡು" ಎಂದರು. ಯಾರು ಮಾಡಿದರು ಎಂದು ಹುಡುಕುವುದು ಅವರ ಕೆಲಸ. ಹೇಗೆ ಸಾಧ್ಯವಾಯಿತು ಎಂದು ಹುಡುಕುವುದು ನನ್ನದು. ಗುಮಾಸ್ತರ ತಪ್ಪೇನೂ ಇಲ್ಲ ಎಂದು ಅಂದೇ ಅವರೆದುರು ಹೇಳಿದೆ. ನಂಬಬೇಕಾದ್ದನ್ನೇ ಅವರು ನಂಬಿದ್ದರು.

ಎರಡನೆಯ ದಿನ

ಆರು ವರ್ಷದ ಹಿಂದೆ ಬರೆದ ಮೀಟರಿನ ಕೋಡ್ ತೆರೆದೆ. ಐದು ಷರತ್ತುಗಳು, ಒಂದೊಂದಕ್ಕೂ 20 ಅಂಕ. ಎಂಟು ಅಕ್ಷರಕ್ಕೆ ಕಡಿಮೆ ಇರಬಾರದು, ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ. ನೂರು ಬಂದರೆ ಗೆರೆ ಹಸಿರು.

ಕುಳಿತು ಒಂದೊಂದಾಗಿ ತುಂಬಿ ನೋಡಿದೆ. (ಇಲ್ಲಿ ಬರೆಯುವ ಮಾದರಿಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದವು. ಬೇರೆ ಹೇಳದಿದ್ದರೆ ಮೊದಲಕ್ಷರ ದೊಡ್ಡದೆಂದು ತಿಳಿಯಬೇಕು.) ಪಾಸ್‌ವರ್ಡ್@1 ಎಂದು ಕೊಟ್ಟೆ, ನೂರಕ್ಕೆ ನೂರು. ಗಂಗಾವತಿ@123, ನೂರು. ಹುಲಿಗೆಮ್ಮ@123, ನೂರು. ಗಂಗಾವತಿಯ ಪಿನ್‌ಕೋಡ್ ಸೇರಿಸಿದ ಅಂಜನಾದ್ರಿ@583227, ನೂರು. ಕೊಪ್ಪಳ ಜಿಲ್ಲೆಯ ವಾಹನಗಳ ಕೆಎ37 ಇಟ್ಟು, ಎಟ್ ಚಿಹ್ನೆ ಹಾಕಿ, ಮುಂದೆ ನಾಲ್ಕು ಅಂಕಿ ಬರೆದರೆ ಅದಕ್ಕೂ ನೂರು. ಗುಮಾಸ್ತರ ಬಿಪಿಟಿ@5204 ಎಣಿಸಿದರೆ ಸರಿಯಾಗಿ ಎಂಟು ಅಕ್ಷರ. ನಾನು ಹಾಕಿದ ಐದು ಷರತ್ತುಗಳ ಮಾಪಕ್ಕೆ ಹೊಲಿದ ಅಂಗಿಯ ಹಾಗೆ ಕೂರುತ್ತದೆ.

ಆಮೇಲೆ ಕನ್ನಡ ಲಿಪಿಯಲ್ಲೇ ಒಂದು ಇಡೀ ವಾಕ್ಯ ಕೊಟ್ಟೆ: ಬೆಳಗಿನ ಜಾವ ಕಾಲುವೆಗೆ ನೀರು ಬಂತು. ಗೆರೆ ಕೆಂಪಾಯಿತು. ಬಂದದ್ದು 40 ಅಂಕ. ದೊಡ್ಡಕ್ಷರ ಬೇಕು, ಸಣ್ಣಕ್ಷರ ಬೇಕು, ಅಂಕಿ ಬೇಕು ಎಂಬ ಮೂರು ದೂರು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಇನ್ನು ಕ ದಿಂದ ಳ ವರೆಗಿನ ಪ್ರತಿಯೊಂದು ಅಕ್ಷರವನ್ನೂ ನನ್ನ ಕೋಡ್ ವಿಶೇಷ ಚಿಹ್ನೆ ಎಂದು ಎಣಿಸುತ್ತಿತ್ತು, ಏಕೆಂದರೆ ಇಂಗ್ಲಿಷ್ ಅಕ್ಷರವೂ ಅಂಕಿಯೂ ಅಲ್ಲದ್ದೆಲ್ಲ ಚಿಹ್ನೆ ಎಂದು ಬರೆದಿದ್ದೆ. ಕನ್ನಡಿಗರಿಗಾಗಿ ಕನ್ನಡದಲ್ಲೇ ಮೆನು ಕೊಟ್ಟ ತಂತ್ರಾಂಶದೊಳಗೆ ಹೀಗೊಂದು ಸಾಲು ಇತ್ತೆಂಬುದು ನನಗೆ ನಿಜಕ್ಕೂ ನೋವು ತಂದಿತು.

ಇಂಥ ಮೀಟರುಗಳ ಹಿಂದಿನ ಲೆಕ್ಕ ಇಷ್ಟೇ: ಕೀಲಿಮಣೆಯಲ್ಲಿ ಒತ್ತಬಹುದಾದ ಗುರುತುಗಳು 95, ಆದ್ದರಿಂದ ಒಂದು ಅಕ್ಷರಕ್ಕೆ ಸುಮಾರು 6.57 ಬಿಟ್ (ಊಹಿಸುವ ಕಷ್ಟದ ಅಳತೆ) ಬಲ, ಅದನ್ನು ಉದ್ದದಿಂದ ಗುಣಿಸು. ಹುಲಿಗೆಮ್ಮ@123 ಎಂಬುದು ಇಂಗ್ಲಿಷಿನಲ್ಲಿ 13 ಅಕ್ಷರ, ಅಂದರೆ 85 ಬಿಟ್. ಚೀಟಿ ಎತ್ತಿದಂತೆ ಒಂದೊಂದು ಅಕ್ಷರವನ್ನೂ ಆರಿಸಿದ್ದರೆ ಈ ಲೆಕ್ಕ ಸರಿ. ಆದರೆ ಯಾರೂ ಹಾಗೆ ಆರಿಸುವುದಿಲ್ಲ. ಊಹಿಸುವವನ ಲೆಕ್ಕವೇ ಬೇರೆ. ಈ ಸೀಮೆಯ ದೇವರು, ಊರು, ಹೆಸರು, ತಳಿ ಎಂದು 3,000 ಪದ. ಮೊದಲಕ್ಷರ ದೊಡ್ಡದೋ ಸಣ್ಣದೋ, 2. ನಡುವೆ ಬರಬಹುದಾದ ಚಿಹ್ನೆ, ಏನೂ ಇಲ್ಲದಿರುವುದೂ ಸೇರಿ, 6. ಬಾಲದಲ್ಲಿ 123, ಇಸವಿ, ಪಿನ್‌ಕೋಡ್ ಮುಂತಾಗಿ 400. ಎಲ್ಲ ಗುಣಿಸಿದರೆ 1 ಕೋಟಿ 44 ಲಕ್ಷ, ಅಂದರೆ 24 ಬಿಟ್ ಕೂಡ ತುಂಬುವುದಿಲ್ಲ. 85 ಎಲ್ಲಿ, 24 ಎಲ್ಲಿ. ಒಂದು ಬಿಟ್ ಕಡಿಮೆಯಾದರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿ ಅರವತ್ತಕ್ಕೂ ಹೆಚ್ಚು ಸಲ ಅರ್ಧವಾಗಿದೆ.

ದೊಡ್ಡಕ್ಷರ, ಅಂಕಿ, ಚಿಹ್ನೆ ಎಂಬ ಷರತ್ತುಗಳನ್ನು ಜಗತ್ತಿಗೆ ಹರಡಿದ್ದು ಅಮೆರಿಕ ಸರ್ಕಾರದ ಮಾನದಂಡಗಳ ಸಂಸ್ಥೆಯಾದ ನಿಸ್ಟ್‌ನ 2003ರ ಸುಮಾರಿನ ಮಾರ್ಗಸೂಚಿ. ಅದನ್ನು ಬರೆದ ಬಿಲ್ ಬರ್ 2017ರಲ್ಲಿ ಪತ್ರಿಕೆಯೊಂದರ ಮುಂದೆ ಆ ಸಲಹೆಗಳ ಬಗ್ಗೆ ಬಹಿರಂಗವಾಗಿ ವಿಷಾದ ಹೇಳಿದರು. ಅದೇ ವರ್ಷ ನಿಸ್ಟ್ ಮಾರ್ಗಸೂಚಿಯನ್ನು ತಿರುಗಿ ಬರೆದು, ಇಂಥ ಷರತ್ತು ಹಾಕಬೇಡಿ, ಬದಲಿಗೆ ಈಗಾಗಲೇ ಸೋರಿಹೋದ ಮತ್ತು ಸುಲಭವಾಗಿ ಊಹಿಸಬಹುದಾದ ಪದಗಳ ಪಟ್ಟಿ ಇಟ್ಟುಕೊಂಡು ತಡೆಯಿರಿ ಎಂದಿತು. ನಾನು ಈ ಮೀಟರ್ ಬರೆಯುವ ಹೊತ್ತಿಗೆ ಆ ಮಾತು ಪ್ರಕಟವಾಗಿತ್ತು. ಓದಿರಲಿಲ್ಲ.

ಅದೇ ರಾತ್ರಿ ಇನ್ನೆರಡು ದೋಷ ಸಿಕ್ಕವು. ಒಂದು, ಕೆಂಪಿದ್ದಾಗ ಸೇವ್ ಗುಂಡಿ ಮಂಕಾಗುತ್ತಿತ್ತೇ ಹೊರತು ಸರ್ವರ್ ಏನನ್ನೂ ಕೇಳುತ್ತಿರಲಿಲ್ಲ. ಬ್ರೌಸರಿನ ಗುಂಡಿಯನ್ನು ದಾಟಿ ನೇರವಾಗಿ ಕಳಿಸಿದರೆ ಒಂದಕ್ಷರದ ಪಾಸ್‌ವರ್ಡೂ ಉಳಿಯುತ್ತಿತ್ತು. ಸಾಹುಕಾರರು ಹೊಸ ಕೆಲಸಗಾರರಿಗೆ ಖಾತೆ ತೆರೆಯುವ ಪುಟದಲ್ಲಂತೂ ಪರೀಕ್ಷೆಯೇ ಇರಲಿಲ್ಲ.

ಎರಡನೆಯದನ್ನು ನೋಡಿ ಕೈ ತಣ್ಣಗಾಯಿತು. ಮೀಟರ್ ಪ್ರತಿಯೊಂದು ಅಕ್ಷರ ಒತ್ತಿದಾಗಲೂ ಅಲ್ಲಿಯವರೆಗಿನ ಪಾಸ್‌ವರ್ಡನ್ನು ವೆಬ್ ವಿಳಾಸದ ಬಾಲಕ್ಕೆ ಕಟ್ಟಿ ಸರ್ವರಿಗೆ ಕಳಿಸಿ ಅಂಕ ತರಿಸಿಕೊಳ್ಳುತ್ತಿತ್ತು. ವಿಳಾಸಗಳೆಲ್ಲ ಸರ್ವರಿನ ದಾಖಲೆ ಕಡತದಲ್ಲಿ ಅಚ್ಚಾಗುತ್ತವೆ. ಮೊದಲ ಸಾಲಿನಲ್ಲಿ ಒಂದಕ್ಷರ, ಕೆಳಗಿನ ಸಾಲಿನಲ್ಲಿ ಎರಡು, ಅದರ ಕೆಳಗೆ ಮೂರು. ಯಾರದೋ ಗುಟ್ಟು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದಿತ್ತು. ಬಲ ಅಳೆಯಲು ಇಟ್ಟ ಸಾಧನವೇ ಪಾಸ್‌ವರ್ಡುಗಳನ್ನು ಬರೆದಿಡುತ್ತಿತ್ತು. ಆ ಕಡತಗಳನ್ನೂ ಅವುಗಳ ಪ್ರತಿಗಳನ್ನೂ ಹುಡುಕಿ ಅಳಿಸಿದೆ. ಆ ಪುಟವನ್ನೇ ಕಿತ್ತುಹಾಕಿದೆ. ಇನ್ನು ಮೇಲೆ ಟೈಪ್ ಮಾಡುವಾಗಿನ ಅಂದಾಜು ಬ್ರೌಸರಿನೊಳಗೇ ಆಗಬೇಕು. ಕೊನೆಯ ತೀರ್ಮಾನ ಸೇವ್ ಒತ್ತಿದಾಗ ಸರ್ವರಿನಲ್ಲಿ.

ಮೂರನೆಯ ದಿನ

ಇದಕ್ಕಾಗಿಯೇ ಡ್ರಾಪ್‌ಬಾಕ್ಸ್ ಕಂಪನಿಯಲ್ಲಿದ್ದ ಡ್ಯಾನ್ ವೀಲರ್ 2012ರಲ್ಲಿ ಬಿಡುಗಡೆ ಮಾಡಿದ ಒಂದು ಮುಕ್ತ ತಂತ್ರಾಂಶವಿದೆ. ಹೆಸರು ಝಡ್‌ಎಕ್ಸ್‌ಸಿವಿಬಿಎನ್. ಕೀಲಿಮಣೆಯ ಕೆಳಸಾಲನ್ನು ಎಡದಿಂದ ಒತ್ತುತ್ತ ಹೋದರೆ ಬರುವ ಹೆಸರೇ ಅದು. ಅದು ಅಕ್ಷರಗಳ ಜಾತಿ ಎಣಿಸುವುದಿಲ್ಲ. ಪಾಸ್‌ವರ್ಡನ್ನು ತುಂಡು ಮಾಡಿ, ಇದು ಪದವೇ, ಹೆಸರೇ, ದಿನಾಂಕವೇ, ಕೀಲಿಮಣೆಯ ಅಕ್ಕಪಕ್ಕದ ಓಟವೇ, ಎಟ್ ಚಿಹ್ನೆಯನ್ನು ಎ ಬದಲಿಗೆ ಬರೆದದ್ದೇ ಎಂದು ನೋಡುತ್ತದೆ. ಎಷ್ಟು ಊಹೆಗೆ ಸಿಗುತ್ತದೆ ಎಂದು ಅಂದಾಜು ಮಾಡಿ 0ಯಿಂದ 4ರವರೆಗೆ ಅಂಕ ಕೊಡುತ್ತದೆ. ಕೆಲಸ ಅಚ್ಚುಕಟ್ಟು. ಪಾಸ್‌ವರ್ಡ್@1 ಅನ್ನು ಕ್ಷಣದಲ್ಲಿ ಹಿಡಿದು ಕೆಂಪು ಮಾಡಿತು. ಅರ್ಧ ಗೆದ್ದೆ ಎಂದುಕೊಂಡೆ.

ಆದರೆ ಅದರೊಳಗಿನ ಪದಕೋಶಗಳು ಇಂಗ್ಲಿಷಿನವು. ಸೋರಿಹೋದ ಸಾಮಾನ್ಯ ಪಾಸ್‌ವರ್ಡುಗಳು, ಇಂಗ್ಲಿಷ್ ವಿಕಿಪೀಡಿಯದ ಪದಗಳು, ಅಮೆರಿಕದ ಜನಗಣತಿಯ ಹೆಸರುಗಳು, ಅಲ್ಲಿನ ಸಿನಿಮಾ ಮತ್ತು ಟಿ.ವಿ. ಮಾತುಗಳು. ಹುಲಿಗೆಮ್ಮ ಎಂದು ಕೊಟ್ಟರೆ ಅದು ಕಂಡದ್ದು ಕೊನೆಯ ನಾಲ್ಕು ಅಕ್ಷರಗಳಲ್ಲಿ ಎಮ್ಮಾ ಎಂಬ ಅಮೆರಿಕದ ಹುಡುಗಿಯನ್ನು. ಮೊದಲ ಐದು ಅಕ್ಷರಗಳನ್ನು ಗೊತ್ತುಗುರಿಯಿಲ್ಲದ ಅಕ್ಷರಗಳೆಂದು ಲೆಕ್ಕ ಹಾಕಿತು. ತುಂಗಭದ್ರೆಯ ದಡದಲ್ಲಿ ಹುಣ್ಣಿಮೆಗೆ ಸಾವಿರಾರು ಜನ ಸೇರುವ ತಾಯಿಯ ಹೆಸರು ಅದಕ್ಕೆ ಅಪರಿಚಿತ. ಬಿಪಿಟಿ@5204ರಲ್ಲಿ ಅದಕ್ಕೆ ಭತ್ತ ಕಾಣಲಿಲ್ಲ. ಇದು ಅದರ ದೋಷವಲ್ಲ. ನಮ್ಮ ಪದಗಳನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಊಹಿಸುವವನಿಗೆ ಗೊತ್ತಿರುವ ಊರು ಅಳೆಯುವವನಿಗೂ ಗೊತ್ತಿರಬೇಕು. ಇಡೀ ದುರಸ್ತಿಯ ತಿರುಳು ಇಷ್ಟೇ ಎಂದು ಅಂದು ತಿಳಿಯಿತು.

ನಾಲ್ಕರಿಂದ ಏಳನೆಯ ದಿನ

ಪಟ್ಟಿ ಮಾಡಲು ಕುಳಿತೆ. ಜಿಲ್ಲೆಯ ಏಳು ತಾಲ್ಲೂಕುಗಳು, ಅವುಗಳ ಹಳ್ಳಿಗಳು, ಪಕ್ಕದ ಸಿಂಧನೂರು, ಮಾನ್ವಿ, ಸಿರುಗುಪ್ಪ. ಗವಿಸಿದ್ಧೇಶ್ವರ, ಹುಲಿಗೆಮ್ಮ, ಅಂಜನಾದ್ರಿ, ಕನಕಾಚಲಪತಿ. ಆನೆಗೊಂದಿ, ಕಿನ್ನಾಳ, ಟಿಬಿ ಡ್ಯಾಮ್. ಅಪ್ಪ, ಅಮ್ಮ, ಗೌಡ, ಸ್ವಾಮಿ ಎಂದು ಮುಗಿಯುವ ಹೆಸರುಗಳು. ತಳಿಗಳಲ್ಲಿ ಬಿಪಿಟಿ 5204, ಆರ್‌ಎನ್‌ಆರ್ 15048, ಸೋನಾ. ಅಂಕಿಗಳಲ್ಲಿ ವಾಹನಗಳ 34, 35, 36, 37, ಪಿನ್‌ಕೋಡುಗಳು, ಗಂಗಾವತಿಯ ಎಸ್‌ಟಿಡಿ 08533. ಖಾತೆದಾರರ ಸ್ವಂತ ಹೆಸರು, ಮೊಬೈಲ್ ಸಂಖ್ಯೆ, ಗಿರಣಿಯ ಹೆಸರು, ಜಿಎಸ್‌ಟಿ ಸಂಖ್ಯೆ ಇವನ್ನು ತಂತ್ರಾಂಶವೇ ಆಯಾ ಹೊತ್ತಿಗೆ ಸೇರಿಸಿಕೊಳ್ಳುತ್ತದೆ.

ಇದು ಹೊಸ ಯೋಚನೆಯೇನಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ 3,289 ಪಾಸ್‌ವರ್ಡುಗಳನ್ನು ಪರೀಕ್ಷಿಸಿ, ಅವುಗಳಲ್ಲಿ 2,831 ತೀರಾ ಚಿಕ್ಕವು ಅಥವಾ ಪದಕೋಶ, ಹೆಸರುಗಳ ಪಟ್ಟಿಯಲ್ಲಿ ಸಿಗುವಂಥವು ಎಂದು ತೋರಿಸಿದ್ದರು. ಊರು, ಬೀದಿ, ಹೆಸರುಗಳ ಜೊತೆಗೆ ತಮ್ಮ ರಾಜ್ಯದ ವಾಹನ ಸಂಖ್ಯೆಗಳನ್ನೂ ಊಹೆಗೆ ಹಚ್ಚಬಹುದೆಂದು ಅವರು ಬರೆದಿದ್ದಾರೆ. ಕೆಎ37 ಬರೆದುಕೊಳ್ಳುವಾಗ ಆ ಸಾಲು ನೆನಪಾಯಿತು.

ಕಷ್ಟವಾದದ್ದು ಕಾಗುಣಿತ. ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಒಂದೇ ದಾರಿ ಇಲ್ಲ. ಗಂಗಾವತಿಯನ್ನೇ ನೋಡಿ. ಗಾ ಬರೆಯಲು ಒಂದು ಎ ಇಡುವವರಿದ್ದಾರೆ, ಎರಡು ಇಡುವವರಿದ್ದಾರೆ. ವ ಗೆ ಕೆಲವರು ವಿ, ಕೆಲವರು ಡಬ್ಲ್ಯು. ತಿ ಯಲ್ಲಿ ಟಿ ಆದಮೇಲೆ ಎಚ್ ಇರಬಹುದು, ಇಲ್ಲದಿರಬಹುದು. ಇಷ್ಟಕ್ಕೇ ಎಂಟು ರೂಪ. ಹೀಗೆ ಎಲ್ಲ ಪದಗಳನ್ನೂ ಬಿಡಿಸಿ ಬರೆದರೆ ಪಟ್ಟಿಗೆ ಕೊನೆಯಿಲ್ಲ.

ಹಾಗಾಗಿ ಪದದ ಎಲುಬನ್ನು ತೆಗೆಯುವ ಉಪಾಯ ಮಾಡಿದೆ. ಮೊದಲು ಎಲ್ಲ ಸಣ್ಣಕ್ಷರ. ಎಟ್ ಚಿಹ್ನೆ ಎ, ಸೊನ್ನೆ ಒ, ಡಾಲರ್ ಎಸ್. ಜೋಡಿ ಅಕ್ಷರ ಒಂಟಿ. ಡಬ್ಲ್ಯು ಎಲ್ಲ ವಿ. ವ್ಯಂಜನದ ನಂತರ ಬರುವ ಎಚ್ ಬಿಟ್ಟುಬಿಡು. ಎರಡು ಇ ಬಂದರೆ ಐ, ಎರಡು ಒ ಬಂದರೆ ಯು. ಪಟ್ಟಿಯ ಪದಕ್ಕೂ ಟೈಪ್ ಮಾಡಿದ್ದಕ್ಕೂ ಇದೇ ಸಂಸ್ಕಾರ ಮಾಡಿ ಹೋಲಿಸಿದರೆ ಗಂಗಾವತಿಯ ಎಂಟು ರೂಪಗಳೂ ಒಂದೇ ಕಡೆ ಬಂದು ನಿಲ್ಲುತ್ತವೆ. ಒಂದು ಎಚ್ಚರ: ಜೋಡಿ ಒ ಯನ್ನು ಒಂಟಿ ಮಾಡುವ ಮೊದಲೇ ಯು ಮಾಡಬೇಕು. ಅನುಕ್ರಮ ತಪ್ಪಿಸಿ ಅರ್ಧ ದಿನ ಕಳೆದೆ.

ಆಸೆ ಹೆಚ್ಚಾಗಿ ಸ್ವರಗಳನ್ನೂ ಕಿತ್ತು ನೋಡಿದೆ. ಹುಲಿಗೆಮ್ಮ, ಹುಲಿಗಮ್ಮ ಎರಡನ್ನೂ ಒಟ್ಟಿಗೆ ಹಿಡಿಯಬಹುದೆಂಬ ಲೆಕ್ಕ. ಹಿಡಿಯಿತು. ಆದರೆ ರಾಮಣ್ಣ ಎಂಬುದು ಆರ್, ಎಂ, ಎನ್ ಎಂಬ ಮೂರೇ ಎಲುಬಾಗಿ ಉಳಿದು, ರಮಣಿಯೂ ರಾಮಣ್ಣನೇ, ರೋಮನ್ನೂ ರಾಮಣ್ಣನೇ ಆಯಿತು. ಗಣಕದಿಂದ ಹುಟ್ಟಿಸಿದ, ನಿಜವಾಗಿಯೂ ಗಟ್ಟಿಯಾದ ಪಾಸ್‌ವರ್ಡುಗಳಲ್ಲೂ ಈ ರಾಮಣ್ಣ ಸಿಗತೊಡಗಿದ. ಸುಳ್ಳು ಹಸಿರಿನಷ್ಟೇ ಸುಳ್ಳು ಕೆಂಪೂ ಕೆಟ್ಟದ್ದು. ಎರಡು ಸಲ ಸುಮ್ಮಸುಮ್ಮನೆ ಬೈಸಿಕೊಂಡವನು ಮೂರನೆಯ ಸಲ ಮೀಟರಿನ ಕಡೆ ನೋಡುವುದೇ ಇಲ್ಲ. ಸ್ವರಗಳನ್ನು ಮರಳಿ ಇಟ್ಟೆ. ನಾಲ್ಕು ಅಕ್ಷರಕ್ಕಿಂತ ಚಿಕ್ಕ ಎಲುಬುಗಳಲ್ಲಿ ಬಿಪಿಟಿಯಂಥ ಕೆಲವನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಬಿಟ್ಟೆ. ಹುಲಿಗಮ್ಮ, ಹುಲಿಗೆವ್ವ ಇವನ್ನು ಬೇರೆ ಬೇರೆ ಪದಗಳಾಗಿಯೇ ಬರೆದೆ.

ಇನ್ನೊಂದು ಪಟ್ಟಿ ಗಾದೆಗಳದು, ಎಲ್ಲರ ಬಾಯಲ್ಲಿರುವ ಮಾತುಗಳದು. ಉದ್ದವಾಗಿದ್ದರೆ ಗಟ್ಟಿ ಎಂಬ ಹೊಸ ನಂಬಿಕೆಯೂ ಪೂರ್ತಿ ನಿಜವಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಉದ್ದವೇನೋ ಹೌದು, ಆದರೆ ಕನ್ನಡ ಬಲ್ಲವನಿಗೆ ಅದು ಒಂದೇ ಒಂದು ಊಹೆ. ಈ ಸಲ ಕಪ್ ನಮ್ಮದೇ ಎಂಬುದೂ ಹಾಗೆಯೇ. ಇವೆಲ್ಲವನ್ನೂ ಒಂದೊಂದು ಪದದಂತೆ ಎಣಿಸುವ ಹಾಗೆ ಮಾಡಿದೆ.

ಶನಿವಾರ ರಾತ್ರಿ, ಭಾನುವಾರ

ಸಾಹುಕಾರರ ಲಿಖಿತ ಅನುಮತಿ ಪಡೆದು, ಅಂತರ್ಜಾಲದಿಂದ ಕಡಿದ ಒಂದು ಕಂಪ್ಯೂಟರಿನಲ್ಲಿ 31 ಖಾತೆಗಳ ಹ್ಯಾಶ್‌ಗಳ (ಪಾಸ್‌ವರ್ಡಿನ ಬದಲು ಸರ್ವರ್ ಉಳಿಸಿಕೊಳ್ಳುವ, ಹಿಂದಕ್ಕೆ ಬಿಡಿಸಲಾಗದ ಸಂಕೇತ) ಪ್ರತಿ ಇಟ್ಟು, ನನ್ನ ಪಟ್ಟಿಯಿಂದ ಹುಟ್ಟಿದ ಮೊದಲ 20,000 ಊಹೆಗಳನ್ನು ಹಚ್ಚಿ ಮಲಗಿದೆ. ಯಾವ ಖಾತೆ, ಯಾವ ಪದ ಎಂಬುದನ್ನು ಬರೆದಿಡದೆ ಎಷ್ಟು ತೆರೆದವು ಎಂದಷ್ಟೇ ಎಣಿಸುವಂತೆ ಮಾಡಿದ್ದೆ. ಬೆಳಿಗ್ಗೆ ಪರದೆಯ ಮೇಲೆ 17 ಎಂದಿತ್ತು. ಹ್ಯಾಶ್‌ಗೆ ಬಳಸಿದ್ದು ಬಿಕ್ರಿಪ್ಟ್, ಬೇಕೆಂದೇ ನಿಧಾನವಾಗಿ ಓಡುವ ವಿಧಾನ. ಅದರಿಂದಲೂ ಉಳಿಗಾಲವಿರಲಿಲ್ಲ, ಏಕೆಂದರೆ ಬೇಕಾದ ಊಹೆಗಳೇ ಕಡಿಮೆ. ಪ್ರತಿಯನ್ನು ಅಲ್ಲೇ ಅಳಿಸಿದೆ.

31ರಲ್ಲಿ 17 ಜನ ಸೋಮಾರಿಗಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರೆಲ್ಲರೂ ನಾನು ಹೇಳಿದ ಐದು ಷರತ್ತುಗಳನ್ನು ನಿಷ್ಠೆಯಿಂದ ಪೂರೈಸಿದವರು.

ಎಂಟು, ಒಂಬತ್ತನೆಯ ದಿನ

ಷರತ್ತುಗಳನ್ನೆಲ್ಲ ತೆಗೆದೆ. ಪಾಸ್‌ವರ್ಡ್ ಒಂದರ ಮೇಲೆಯೇ ಭದ್ರತೆ ನಿಂತಿದ್ದರೆ ಕನಿಷ್ಠ 15 ಅಕ್ಷರ ಬೇಕೆಂದು ನಿಸ್ಟ್ 2025ರ ಪರಿಷ್ಕರಣೆಯಲ್ಲಿ ಹೇಳಿದೆ. ಅದನ್ನೇ ಇಟ್ಟುಕೊಂಡೆ. ಯಾವ ಲಿಪಿಯಲ್ಲಾದರೂ ಬರೆಯಬಹುದು, ನಡುವೆ ಜಾಗವನ್ನೂ ಬಿಡಬಹುದು. ಈಗ ನನ್ನ ಕಾಲುವೆಯ ವಾಕ್ಯ ಹಸಿರಾಯಿತು. ಖುಷಿಯಿಂದ ಅದನ್ನೇ ಪರೀಕ್ಷೆಯ ಖಾತೆಗೆ ಇಟ್ಟು, ಹೊರಬಂದು, ತಪ್ಪು ಪಾಸ್‌ವರ್ಡ್ ಕೊಟ್ಟರೆ ತಡೆಯುತ್ತದೆಯೇ ನೋಡೋಣವೆಂದು ಕೊನೆಯ ಪದ ಬದಲಿಸಿ ಒತ್ತಿದೆ: ಬೆಳಗಿನ ಜಾವ ಕಾಲುವೆಗೆ ನೀರು ಬರಲಿಲ್ಲ.

ಬಾಗಿಲು ತೆರೆಯಿತು.

ನೀರು ಬಂತು ಎಂದರೂ ಒಳಗೆ, ನೀರು ಬರಲಿಲ್ಲ ಎಂದರೂ ಒಳಗೆ. ಎಡದಂಡೆ ಕಾಲುವೆಯ ಕೊನೆ ಭಾಗದ ರೈತನಿಗೆ ಈ ಎರಡು ಮಾತುಗಳ ನಡುವೆ ಒಂದು ಬೆಳೆಯ ಅಂತರವಿದೆ. ನನ್ನ ತಂತ್ರಾಂಶಕ್ಕೆ ಎರಡೂ ಒಂದೇ ಆಗಿತ್ತು.

ಕಾರಣ ಬಿಡಿಸಲು ಕಾಗದದ ಮೇಲೆ ಎಣಿಸಬೇಕಾಯಿತು. ಬಿಕ್ರಿಪ್ಟ್ 1999ರ ವಿಧಾನ. ಅದು ಮೊದಲ 72 ಬೈಟ್‌ಗಳನ್ನು (ಬೈಟ್ ಎಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಚಿಕ್ಕ ಅಳತೆ) ಮಾತ್ರ ನೋಡುತ್ತದೆ, ಉಳಿದದ್ದನ್ನು ಸದ್ದಿಲ್ಲದೆ ಬಿಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಅವರಿಗೆ 72 ಅಕ್ಷರ. ಕನ್ನಡದಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರದ ಕೊಂಡಿ ಪ್ರತಿಯೊಂದಕ್ಕೂ ಮೂರು ಬೈಟ್, ಹಾಗಾಗಿ ನಮಗೆ 24. ಕಾಲುವೆಗೆ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಕಂಪ್ಯೂಟರಿಗೆ ಎಂಟು ಗುರುತು, 24 ಬೈಟ್. ವಾಕ್ಯದಲ್ಲಿ ನೀರು ಪದದ ಮುಂದಿನ ಖಾಲಿ ಜಾಗದವರೆಗೆ 67 ಬೈಟ್. ಬ ಸೇರಿದರೆ 70. ಅಲ್ಲಿಂದ ಮುಂದಿನ ಗುರುತಿನ ಎರಡು ಬೈಟ್ ಮಾತ್ರ ಒಳಗೆ, ಮೂರನೆಯದು ಹೊರಗೆ. ಬಂತು ಪದದ ಸೊನ್ನೆಗೂ ಬರಲಿಲ್ಲ ಪದದ ರ ಗೂ ಆ ಮೊದಲೆರಡು ಬೈಟ್ ಒಂದೇ. ಅಲ್ಲಿಗೆ ಕತ್ತರಿ ಬಿದ್ದಿತ್ತು. ಇಡೀ ವಾಕ್ಯಕ್ಕೆ ಮೀಟರ್ ಅಂಕ ಕೊಟ್ಟಿತು, ಬೀಗಕ್ಕೆ ತಲುಪಿದ್ದು ತುಂಡು ಮಾತ್ರ. ಅಳೆಯುವುದು ಒಂದು, ಕಾಯುವುದು ಇನ್ನೊಂದು ಆದರೆ ಮೀಟರ್ ಎಷ್ಟೇ ಬುದ್ಧಿವಂತನಾದರೂ ವ್ಯರ್ಥ.

ಬಿಕ್ರಿಪ್ಟ್ ಬಿಟ್ಟು ಆರ್ಗಾನ್2ಐಡಿಗೆ ಬಂದೆ. 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದ ಆರ್ಗಾನ್2ರ ಒಂದು ರೂಪ ಅದು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ 7.3ನೆಯ ಆವೃತ್ತಿಯಿಂದ ಲಭ್ಯ, 72ರ ಕತ್ತರಿ ಇಲ್ಲ. ಮುಂದಿನ ಸಲ ಲಾಗಿನ್ ಆದಾಗ ಹೊಸ ಹ್ಯಾಶ್ ಮಾಡಿಕೊಳ್ಳುವುದು ವಾಡಿಕೆಯ ದಾರಿ. ಇಲ್ಲಿ ಅದೂ ಅಪಾಯ. ಆ ಹೊತ್ತಿಗೆ ಯಾರಾದರೂ ಬರಲಿಲ್ಲ ಎಂದು ಒತ್ತಿ ಒಳಬಂದರೆ ತಪ್ಪು ವಾಕ್ಯವೇ ಪೂರ್ತಿಯಾಗಿ ಹೊಸ ಬೀಗವಾಗಿ ಕೂರುತ್ತದೆ. ಆದ್ದರಿಂದ 72 ಬೈಟ್ ಮೀರಿದ್ದನ್ನು ಟೈಪ್ ಮಾಡಿದವರಿಗೆ ಹಾಗೆಯೇ ಬದಲಿಸಿಕೊಡದೆ, ಸಾಹುಕಾರರ ಎದುರಿನಲ್ಲಿ ಹೊಸದನ್ನು ಇಡಿಸುವುದೆಂದು ತೀರ್ಮಾನಿಸಿದೆ.

ಇನ್ನೊಂದು ಕನ್ನಡದ್ದೇ ತೊಡಕು. ಕೊಪ್ಪಳ ಎಂಬ ಪದದ ಕೊ ಒಳಗಿರುವ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಪಟ್ಟಿಯಲ್ಲಿ, ಒಂದೇ ಗುರುತಾಗಿಯೂ ಇಡಬಹುದು, ಎತ್ವ ಮತ್ತು ಊ ಚಿಹ್ನೆ ಎಂದು ಎರಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ ಕೊ. ಹ್ಯಾಶ್‌ಗೆ ಬೇರೆ ಬೇರೆ. ಸಾಫ್ಟ್‌ವೇರ್ ಎಂಬಂಥ ಪದದ ನಡುವೆ ಕೆಲವು ಕೀಲಿಮಣೆಗಳು ಕಾಣದ ಒಂದು ವಿಭಜಕವನ್ನು ಇಡುತ್ತವೆ, ಕೆಲವು ಇಡುವುದಿಲ್ಲ. ಕಚೇರಿಯಲ್ಲಿ ಇಟ್ಟ ಪಾಸ್‌ವರ್ಡ್ ಮನೆಯ ಮೊಬೈಲಿನಲ್ಲಿ ಒಪ್ಪದೆ, ಬೇಸತ್ತು ಮತ್ತೆ 123ಕ್ಕೆ ಹೋಗುವವರನ್ನು ತಪ್ಪೆನ್ನುವುದು ಹೇಗೆ? ಹ್ಯಾಶ್ ಮಾಡುವ ಮೊದಲು ಯುನಿಕೋಡ್ ರೂಪವನ್ನು ಏಕರೂಪ ಮಾಡಿ, ಕಾಣದ ವಿಭಜಕಗಳನ್ನು ತೆಗೆದು ಮುಂದೆ ಕಳಿಸುವ ನಾಲ್ಕು ಸಾಲು ಬರೆದೆ. ಇಡುವಾಗಲೂ ಲಾಗಿನ್ ಆಗುವಾಗಲೂ ಅದೇ ನಾಲ್ಕು ಸಾಲು.

ಹತ್ತನೆಯ ದಿನ

ಸೋರಿಕೆಯ ಪಟ್ಟಿಯನ್ನು ಜೋಡಿಸಿದೆ. ಸೋರಿಹೋದ ಪಾಸ್‌ವರ್ಡುಗಳನ್ನು ಕೂಡಿಟ್ಟು ಟ್ರಾಯ್ ಹಂಟ್ ನಡೆಸುವ ಪ್ವೋನ್ಡ್ ಪಾಸ್‌ವರ್ಡ್ಸ್ ಸೇವೆಗೆ ನಮ್ಮ ಪಾಸ್‌ವರ್ಡ್ ಹೋಗುವುದಿಲ್ಲ, ಅದರ ಎಸ್‌ಎಚ್‌ಎ-1 ಹ್ಯಾಶ್‌ನ ಮೊದಲ ಐದು ಅಂಕೆ ಮಾತ್ರ ಹೋಗುತ್ತದೆ. ಆ ಐದರಿಂದ ಆರಂಭವಾಗುವ ನೂರಾರು ಹ್ಯಾಶ್‌ಗಳ ಬಾಲ ಅಲ್ಲಿಂದ ಬರುತ್ತದೆ. ಹೋಲಿಕೆ ನಮ್ಮಲ್ಲೇ. ಗಿರಣಿಯಲ್ಲಿ ಅಂತರ್ಜಾಲ ಹೋಗುವುದುಂಟು. ಆಗ ಸೇವ್ ತಡೆಯದೆ, ನಂತರ ಪರೀಕ್ಷಿಸಬೇಕಾದ ಖಾತೆ ಎಂದು ಗುರುತು ಹಾಕಿ ಮುಂದಿನ ಲಾಗಿನ್‌ನಲ್ಲಿ ನೋಡುವಂತೆ ಮಾಡಿದೆ. ಐದು ಸಲ ತಪ್ಪಿದರೆ ಕಾಯಿಸುವ ತಡೆಯನ್ನೂ ಹಾಕಿದೆ. ಆ ರಾತ್ರಿ ಮೂರನೆಯ ಪ್ರಯತ್ನಕ್ಕೇ ಬಾಗಿಲು ತೆರೆದದ್ದರಿಂದ ಅದೊಂದೇ ಇದ್ದಿದ್ದರೆ ಏನೂ ಉಪಯೋಗವಾಗುತ್ತಿರಲಿಲ್ಲ.

ಹೊಸ ಮೀಟರ್ ಬರೀ ಬಣ್ಣ ತೋರಿಸದೆ ಕಾರಣ ಹೇಳಬೇಕೆಂದು ಬಯಸಿದೆ. ಮೊದಲು, ಇದರಲ್ಲಿ ಹುಲಿಗೆಮ್ಮ ಎಂಬ ಹೆಸರಿದೆ ಎಂದು ಪದ ಸಮೇತ ಬರೆಯುವಂತೆ ಮಾಡಿದ್ದೆ. ಕೌಂಟರಿನ ಮುಂದೆ ನಿಂತು ನೋಡಿದಾಗ ತಪ್ಪು ತಿಳಿಯಿತು. ಚೀಟಿಗಾಗಿ ಕಾಯುವ ಚಾಲಕರು, ರೈತರು, ಹಮಾಲರು ಎಲ್ಲರೂ ಆ ಪರದೆಯ ಕಡೆಗೇ ಮುಖ ಮಾಡಿ ನಿಂತಿರುತ್ತಾರೆ. ಚುಕ್ಕೆಗಳ ಹಿಂದೆ ಮುಚ್ಚಿಟ್ಟದ್ದನ್ನು ಪಕ್ಕದಲ್ಲೇ ದೊಡ್ಡದಾಗಿ ಬರೆದು ತೋರಿಸಿದಂತೆ. ಈಗ ವರ್ಗವನ್ನಷ್ಟೇ ಹೇಳುತ್ತದೆ: ಎಲ್ಲರಿಗೂ ಗೊತ್ತಿರುವ ಹೆಸರು ಇದೆ, ಸಾಮಾನ್ಯ ಅಂಕಿ ಇದೆ, ಗಾದೆ ಇದೆ.

ಗುಮಾಸ್ತರನ್ನೇ ಮೊದಲು ಕೂರಿಸಿದೆ. ಆರ್‌ಎನ್‌ಆರ್‌ನಿಂದ ಶುರುಮಾಡಿದರು, ಗೆರೆ ಕೆಂಪಾಯಿತು. ಮದುವೆಯ ದಿನಾಂಕ ಸೇರಿಸಿದರು, ಕೆಂಪೇ. "ಇದಕ್ಕೆ ಈಗ ಭತ್ತ ಗೊತ್ತಾಗಿದೆ, ಸರ್" ಎಂದು ಮೊದಲ ಸಲ ನಕ್ಕರು. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿ, ನಿಮಗೆ ಮಾತ್ರ ಕಣ್ಣಿಗೆ ಕಟ್ಟುವಂಥದ್ದನ್ನು ಇಡಿ ಎಂದು ಹೇಳಿ ನಾನು ಹೊರಗೆ ಹೋದೆ. ಒಳಗೆ ಕರೆದಾಗ ಗೆರೆ ಹಸಿರಿತ್ತು. ಸಾಹುಕಾರರು ಬಂದು ನೋಡಿ, ಮೂರು ಲಾರಿಗಳ ಅಂಕಿಯನ್ನು ಮೊದಲಿನಂತೆ ತಿದ್ದುವ ಕೆಲಸವನ್ನು ಅವರ ಕೈಗೇ ಕೊಟ್ಟರು.

ಇನ್ನೂ ಉಳಿದಿರುವುದು ತೆಲುಗು. ಆಂಧ್ರದಿಂದ ಬಂದು ನೆಲೆಸಿದ ರೈತರ ಸುತ್ತಲಿನ ಕ್ಯಾಂಪುಗಳಲ್ಲಿ ಮನೆಮಾತು ಅದೇ, ಗಿರಣಿಯ 31 ಜನರಲ್ಲಿ ಎಂಟು ಜನ ಅಲ್ಲಿಂದ ಬರುವವರು. ಅವರ ದೇವರು, ಊರು, ಮುದ್ದಿನ ಹೆಸರುಗಳು ನನ್ನ ಪಟ್ಟಿಯಲ್ಲಿ ಇಲ್ಲ. ಕ್ಯಾಂಪಿನ ಲೆಕ್ಕಿಗರೊಬ್ಬರು ಒಂದು ನೋಟ್‌ಬುಕ್ ತುಂಬ ಬರೆದುಕೊಡಲು ಒಪ್ಪಿದ್ದಾರೆ. ಮುಂದಿನ ವಾರ ಅದನ್ನು ಹಿಡಿದು ಮತ್ತೆ ಕೂರಬೇಕು.